ಪಲ್ಸಾರ್‌ನ ಮಿಡಿತ ಆಕಾಶದ್ದೇ ಎಂದು ಹೇಗೆ ಗೊತ್ತಾಗುತ್ತದೆ?

ಯಾದಗಿರಿಯ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: ಗರಗರ ತಿರುಗುತ್ತ ರೇಡಿಯೊ ಮಿಡಿತ ಬೀರುವ ನಕ್ಷತ್ರಗಳಾದ ಪಲ್ಸಾರ್‌ಗಳ ಸಂಕೇತ ತೀರ ಕ್ಷೀಣವಂತೆ. ಹಾಗಿದ್ದ ಮೇಲೆ ಅದು ಆಕಾಶದ್ದು, ಪಕ್ಕದ ಟವರಿನದ್ದಲ್ಲ ಎಂದು ತಿಳಿಯುವುದು ಹೇಗೆ? ನಮ್ಮ ಭಾಗದವರಿಗೆ ಈ ಸಂಶೋಧನೆ ಎಟುಕುತ್ತದೆಯೇ?

ನಾನೇ ಏಮಾರಿದ ಕಥೆ ಕೇಳಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಪ್ರಾಜೆಕ್ಟಿಗೆಂದು ಹಳೆಯ ರೇಡಿಯೊ ದತ್ತಾಂಶ ಹಿಡಿದು ಕುಳಿತಿದ್ದೆ. ಒಂದು ರಾತ್ರಿ ಪರದೆಯ ಮೇಲೆ ಅಚ್ಚುಕಟ್ಟಾದ ಮಿಡಿತ ಎದ್ದು ಕಂಡಿತು. ಹೊತ್ತುಗೊತ್ತು ನೋಡದೆ ಮೇಷ್ಟ್ರಿಗೆ ಫೋನ್ ಮಾಡಿದೆ. “ಅವಧಿ ಎಷ್ಟಪ್ಪಾ?” ಎಂದರು. “20 ಮಿಲಿಸೆಕೆಂಡ್ ಸರ್.” “ಅಂದರೆ ಸೆಕೆಂಡಿಗೆ 50. ನಿನ್ನ ತಲೆಯ ಮೇಲಿನ ಫ್ಯಾನಿಗೆ ಬರುವ ಕರೆಂಟು ಅದು. ಮಲಗು.”

1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರಿಗೂ ಇದೇ ಅನುಮಾನ ಕಾಡಿತ್ತು. ಅವರ ರೇಡಿಯೊ ದೂರದರ್ಶಕ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೀಚುತ್ತಿತ್ತು. ಅದನ್ನೆಲ್ಲ ಕಣ್ಣಿನಿಂದಲೇ ನೋಡಬೇಕು. ಅದರಲ್ಲಿ ಬೆರಳಗಲವೂ ಇಲ್ಲದ ಒಂದು ಗೀರು ಪದೇ ಪದೇ ಬರುತ್ತಿತ್ತು. ಬಿಡಿಸಿ ನೋಡಿದರೆ 1.337 ಸೆಕೆಂಡಿಗೊಂದು ಮಿಡಿತ. ಮನುಷ್ಯರ ಯಂತ್ರವಿರಬಹುದೇ? ಆದರೆ ಅದು ಗಡಿಯಾರವನ್ನು ಅನುಸರಿಸದೆ ನಕ್ಷತ್ರಗಳನ್ನು ಅನುಸರಿಸಿ, ದಿನವೂ ನಾಲ್ಕು ನಿಮಿಷ ಮೊದಲೇ ಬರುತ್ತಿತ್ತು.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮಗೆ ಈ ನಾಲ್ಕು ನಿಮಿಷ ಅಪರಿಚಿತವೇನಲ್ಲ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ಮೂಡುವ ಕೆಂಪು ಜ್ಯೇಷ್ಠಾ ನಕ್ಷತ್ರ ಮೇ ಮಧ್ಯದ ಹೊತ್ತಿಗೆ ಎಂಟಕ್ಕೇ ಮೂಡಿರುತ್ತದೆ. ಯಾವ ಹಿಟ್ಟಿನ ಗಿರಣಿಯೂ, ಬೋರ್‌ವೆಲ್ ಮೋಟಾರೂ ಇಂಥ ಪಂಚಾಂಗ ಪಾಲಿಸುವುದಿಲ್ಲ. (1974ರಲ್ಲಿ ಈ ಶೋಧಕ್ಕೆ ನೊಬೆಲ್ ಬಂದದ್ದು ಬೆಲ್ ಅವರ ಮಾರ್ಗದರ್ಶಕ ಹ್ಯೂವಿಶ್ ಅವರಿಗೆ. ನನಗೆ ಇಂದಿಗೂ ಅದು ಸರಿ ಎನಿಸಿಲ್ಲ.)

ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಬಿಡಿ ಎಲೆಕ್ಟ್ರಾನುಗಳು ಅಲ್ಲಲ್ಲಿ ಹರಡಿಕೊಂಡಿವೆ. ಅವುಗಳನ್ನು ಹಾದು ಬರುವಾಗ ಕಡಿಮೆ ಆವರ್ತನದ ಅಲೆಗಳು ಹಿಂದೆ ಬೀಳುತ್ತವೆ. ಕ್ರ್ಯಾಬ್ ಪಲ್ಸಾರ್ ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿದೆ; ಅದರ ಮಿಡಿತ 1400 ಮೆಗಾಹರ್ಟ್ಸ್‌ನಲ್ಲಿ ತಲುಪಿ ಒಂದು ಸೆಕೆಂಡಿಗೂ ಹೆಚ್ಚು ಹೊತ್ತಾದ ಮೇಲೆ 400ರಲ್ಲಿ ತಲುಪುತ್ತದೆ. ಅಷ್ಟರಲ್ಲಿ ಆ ನಕ್ಷತ್ರ ಮೂವತ್ತಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ! ಸೂರ್ಯನಿಗಿಂತ ಹೆಚ್ಚು ದ್ರವ್ಯ ಸುಮಾರು 20 ಕಿಲೋಮೀಟರ್ ಅಗಲದ ಗುಂಡಿನೊಳಗೆ ಅಡಕವಾಗಿರುವುದರಿಂದಲೇ ಅಷ್ಟು ವೇಗದಲ್ಲಿ ತಿರುಗಿಯೂ ಅದು ಚೂರಾಗುವುದಿಲ್ಲ. ಪಕ್ಕದ ಓಣಿಯ ಕಿಡಿಯಾದರೋ ಎಲ್ಲ ಆವರ್ತನಗಳಲ್ಲೂ ಒಟ್ಟಿಗೇ ಬಂದು ಬಡಿಯುತ್ತದೆ. ನನ್ನ ‘ಪಲ್ಸಾರ್’ ಹಾಗೆಯೇ ಬಂದಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಇನ್ನು ಎಟುಕುವ ಮಾತು. ದೂರದರ್ಶಕ ನಿಮ್ಮೂರಿನಲ್ಲೇ ಇರಬೇಕಾಗಿಲ್ಲ. ಕ್ಷೀಣ ಮಿಡಿತವನ್ನು ಗದ್ದಲದಿಂದ ಮೇಲೆತ್ತಲು ದೀರ್ಘ ದತ್ತಾಂಶವನ್ನು ಒಂದೊಂದು ಅವಧಿಯ ತುಂಡುಗಳಾಗಿ ಕತ್ತರಿಸಿ ಒಂದರ ಮೇಲೊಂದು ಕೂಡಿಸುತ್ತಾರೆ. ನೂರು ತುಂಡು ಕೂಡಿಸಿದರೆ ಮಿಡಿತ ನೂರು ಪಟ್ಟಾಗುತ್ತದೆ, ಗದ್ದಲ ಹತ್ತು ಪಟ್ಟು ಮಾತ್ರ. ಸಾಧಾರಣ ಲ್ಯಾಪ್‌ಟಾಪ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದಕ್ಕೆ ಸಾಕು. ಗಣಿತವನ್ನು, ಅದರಲ್ಲೂ ಸಂಕೇತದೊಳಗಿನ ಆವರ್ತನಗಳನ್ನು ಬಿಡಿಸಿ ತೋರುವ ಫೂರಿಯೇ ವಿಶ್ಲೇಷಣೆಯನ್ನು, ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯಬೇಡಿ. ಮುಂದೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ಪಿಎಚ್.ಡಿ.ಗೆ ಪ್ರಯತ್ನಿಸಬಹುದು.

ಅದಕ್ಕೂ ಮೊದಲು ಒಮ್ಮೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಹೋಗಿ, ಅಲ್ಲಿಂದ ನಾರಾಯಣಗಾಂವ್ ಬಸ್ ಹಿಡಿಯಿರಿ. ಅದರ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಇದೆ. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಜನರಿಗೆ ತೆರೆದಿರುತ್ತದೆ. ಅಲ್ಲಿ ಮೊಬೈಲ್ ಸ್ವಿಚ್ ಆಫ್ ಮಾಡಿ ಎಂದರೆ ಮುಖ ಸಿಂಡರಿಸಬೇಡಿ, ಕಾರಣ ಈಗ ನಿಮಗೆ ಗೊತ್ತು.