ಆಪ್ತಸಲಹೆ ಪ್ರಕರಣ: ಮುಗಿದ ಚಿತ್ರಕ್ಕೆ ಬಂದ ವಿಮರ್ಶೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತರ ಕೊನೆಯಲ್ಲಿರುವ ಮಹಿಳೆ. ಹಗಲು ಬೇರೆ ಉದ್ಯೋಗ, ರಾತ್ರಿ ಡಿಜಿಟಲ್ ಪೇಂಟಿಂಗ್. ಎರಡು ವರ್ಷದಿಂದ ಹೆಚ್ಚುಕಡಿಮೆ ದಿನವೂ ಕೂತರೂ ಕೈ ಅಲ್ಲೇ ನಿಂತಿದೆ ಎಂಬ ದೂರು. ನಮ್ಮ ಬಳಿ ಬರಲು ಕಾರಣವಾದದ್ದು ಮಾತ್ರ ಬೇರೆ. ಮೂವತ್ತು ಗಂಟೆ ಹಿಡಿದ ಒಂದು ಭಾವಚಿತ್ರವನ್ನು ನೋಡಿ ಅನುಭವಿ ಕಲಾವಿದರೊಬ್ಬರು, "ಮುಖ ಚಪ್ಪಟೆ ಕಾಣುತ್ತೆ, ಬೆಳಕು ಎಲ್ಲಿಂದ ಬರ್ತಿದೆ ಗೊತ್ತಾಗಲ್ಲ" ಎಂದು ಬರೆದಿದ್ದರು. ಅಂದೇ ರಾತ್ರಿ ಈಕೆ ಆ ಫೈಲನ್ನೂ ಹಳೆಯ ಕೆಲಸಗಳ ಫೋಲ್ಡರನ್ನೂ ಅಳಿಸಿಬಿಟ್ಟರು. ಆಮೇಲೆ ಪೆನ್ ಮುಟ್ಟಿಲ್ಲ. "ಬರೋದಿದ್ರೆ ಇಷ್ಟೊತ್ತಿಗೆ ಬರ್ತಿತ್ತು ಮೇಡಂ" ಎಂಬುದು ಅವರ ತೀರ್ಮಾನ.

ಮೊದಲು ನಿದ್ದೆ, ಹಸಿವು, ಉಳಿದ ಕೆಲಸಗಳಲ್ಲಿ ಆಸಕ್ತಿ, ಬದುಕು ಸಾಕೆನಿಸುವ ಯೋಚನೆ, ಇಷ್ಟನ್ನೂ ನೇರವಾಗಿ ಕೇಳಲಾಯಿತು. ಅಲ್ಲಿ ತೊಂದರೆ ಕಾಣಲಿಲ್ಲ. ಕಂಡಿದ್ದರೆ ಚಿತ್ರದ ಮಾತು ಬದಿಗಿಟ್ಟು ಮನೋವೈದ್ಯರ ಬಳಿ ಕಳಿಸುವುದೇ ಮೊದಲ ಕೆಲಸವಾಗುತ್ತಿತ್ತು.

ಕ್ಲೌಡ್‌ನಲ್ಲಿ ಉಳಿದಿದ್ದ ಕೆಲವು ಫೈಲುಗಳನ್ನು ವಾಪಸ್ ತೆಗೆದು, ನಮ್ಮೊಂದಿಗೆ ಕೆಲಸ ಮಾಡುವ ಚಿತ್ರಕಲಾ ಶಿಕ್ಷಕರು ಲೇಯರ್ ಲೇಯರಾಗಿ (ಒಂದರ ಮೇಲೊಂದು ಇಟ್ಟ ಚಿತ್ರದ ಪದರಗಳನ್ನು ಒಂದೊಂದಾಗಿ) ನೋಡಿದರು. ಪ್ರತಿಭೆಯ ಕೊರತೆ ಎಂದು ಆಕೆ ಭಾವಿಸಿದ್ದರಲ್ಲಿ ಒಂದು ಪಾಲು ಬರೀ ಸೆಟ್ಟಿಂಗ್ ಆಗಿತ್ತು. ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್‌ನ ಉದ್ದಗಲದ ಅನುಪಾತ ಮಾನಿಟರಿನ ಅನುಪಾತಕ್ಕೆ ಹೊಂದಿಸಿರಲಿಲ್ಲ. ಹಾಗಾಗಿ ಬರೆದ ಮುಖವೆಲ್ಲ ತುಸು ಅಗಲವಾಗುತ್ತಿತ್ತು. ಪರೀಕ್ಷೆ ಸುಲಭ: ಟ್ಯಾಬ್ಲೆಟ್ ಮೇಲೆ ದುಂಡನೆಯ ಮುಚ್ಚಳ ಇಟ್ಟು ಅದರ ಸುತ್ತ ಪೆನ್ ಎಳೆಯಿರಿ. ಪರದೆಯಲ್ಲಿ ಮೊಟ್ಟೆಯಾಕಾರ ಬಂದರೆ ಡ್ರೈವರ್ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ ಅನುಪಾತ ಸರಿಪಡಿಸಬೇಕು.

ಉಳಿದದ್ದು ಅಭ್ಯಾಸದ ರೀತಿ. ಶುರುವಿನಲ್ಲೇ ಜೂಮ್ ಮಾಡಿ ಕಣ್ಣಿನ ರೆಪ್ಪೆ ಬಿಡಿಸುವುದು, ಇಡೀ ಮುಖದ ನೆರಳು ಎಲ್ಲಿಂದ ಎಲ್ಲಿಗೆ ಎಂದು ನಿರ್ಧರಿಸುವ ಮೊದಲೇ ಮೃದು ಏರ್‌ಬ್ರಷ್ ಹಿಡಿಯುವುದು, ನೆರಳಿಗೆ ಕಪ್ಪು ಬೆರೆಸುವುದು. ಏರ್‌ಬ್ರಷ್ಷಿನಿಂದ ಎಲ್ಲ ಅಂಚೂ ಒಂದೇ ಹದದಲ್ಲಿ ಮಸುಕಾಗುತ್ತದೆ. ಮೂಗಿನ ಬದಿ ಎಲ್ಲಿ ತಿರುಗಿತು ಎಂಬುದು ಕಣ್ಣಿಗೆ ಸಿಗುವುದೇ ಇಲ್ಲ. "ಚಪ್ಪಟೆ" ಎಂದವರು ನೋಡಿದ್ದು ಇದನ್ನೇ. ಅವರ ಮಾತು ಸರಿಯಿತ್ತು, ಬಂದ ಹೊತ್ತು ಸರಿಯಿರಲಿಲ್ಲ. ಮೂವತ್ತು ಗಂಟೆ ಸುರಿದ ಮೇಲೆ ಬೆಳಕು ತಪ್ಪಿದೆ ಎನ್ನುವುದು ಗಾರೆ ಒಣಗಿದ ಮೇಲೆ ಗೋಡೆ ಓರೆ ಎಂದ ಹಾಗೆ. ತಿದ್ದಲು ಉಳಿದದ್ದು ಏನೂ ಇರುವುದಿಲ್ಲ, ನೋಯಲು ಮಾತ್ರ ಬೇಕಾದಷ್ಟು ಇರುತ್ತದೆ.

ಹೀಗಾಗಿ ವಿಮರ್ಶೆಯನ್ನು ಚಿತ್ರದ ಕೊನೆಯಿಂದ ಕಿತ್ತು ಮೊದಲಿಗೆ ತರುವುದು, ಅದರಿಂದಲೇ ವಾರದ ಅಭ್ಯಾಸ ಹುಟ್ಟುವಂತೆ ಮಾಡುವುದು ನಮ್ಮ ಸಲಹೆಯ ತಿರುಳಾಯಿತು.

ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷ. ಮೊದಲ 10 ನಿಮಿಷ ಒಂದೊಂದು ನಿಮಿಷದ ಹತ್ತು ದೇಹಭಂಗಿಗಳು. ಇಲ್ಲಿ ಅನ್‌ಡು (ಎಳೆದ ಗೆರೆ ಹಿಂತೆಗೆಯುವುದು) ಇಲ್ಲ. ನಂತರ 25 ನಿಮಿಷ ಒಂದೇ ದೋಷದ ಮೇಲೆ ಒಂದು ಸ್ಟಡಿ, ಅಂದರೆ ಫೋಟೋ ನೋಡಿ ಬಿಡಿಸುವ ಅಭ್ಯಾಸಚಿತ್ರ. ಉಳಿದ 10 ನಿಮಿಷ ಹೋಲಿಕೆಗೆ: ಮುಗಿದ ಸ್ಟಡಿಯ ಮೇಲೆ ರೆಫರೆನ್ಸ್ ಫೋಟೋವನ್ನು (ನೋಡಿ ಬಿಡಿಸಿದ ಮೂಲ) 50% ಒಪ್ಯಾಸಿಟಿಯಲ್ಲಿ, ಅಂದರೆ ಕೆಳಗಿನದೂ ಕಾಣುವಂತೆ ಅರ್ಧ ಪಾರದರ್ಶಕವಾಗಿ ಇಟ್ಟು, ಎಲ್ಲಿ ಜಾರಿದೆ ಎಂದು ಒಂದು ಸಾಲು ಬರೆಯುವುದು. ತಿದ್ದುವಂತಿಲ್ಲ, ಅಳಿಸುವಂತಿಲ್ಲ; ದಿನಾಂಕ ಹಾಕಿ ಇಡಬೇಕು. ಈ ಹತ್ತು ನಿಮಿಷವನ್ನು ಹಾರಿಸಿದರೆ ಉಳಿದ ಮೂವತ್ತೈದು ಬರೀ ಹಳೆಯ ತಪ್ಪಿನ ಪುನರಾವರ್ತನೆ.

ಮೊದಲ ನಾಲ್ಕು ವಾರ ಬಣ್ಣವೇ ಬೇಡ ಎಂದೆವು. ಕ್ಯಾನ್ವಾಸ್ 800 ಪಿಕ್ಸೆಲ್ ಅಗಲ, ಒಂದೇ ಲೇಯರ್, 100% ಒಪ್ಯಾಸಿಟಿಯ ಗಟ್ಟಿ ದುಂಡು ಬ್ರಷ್, ಜೂಮ್ ಇಲ್ಲ. ಮೊದಲೆರಡು ವಾರ ಕಪ್ಪು, ಬೂದು, ಬಿಳಿ ಎಂಬ ಮೂರೇ ಮಟ್ಟ, ಆಮೇಲೆ ಐದು. ಗಟ್ಟಿ ಅಂಚಿನಲ್ಲೇ ಮುಖ ಮೂಡಿದ ಮೇಲೆ ಮಾತ್ರ ಯಾವ ಅಂಚನ್ನು ಮೃದು ಮಾಡಬೇಕೆಂಬ ಪ್ರಶ್ನೆ. ಹದಿನೈದು ನಿಮಿಷಕ್ಕೊಮ್ಮೆ ಕ್ಯಾನ್ವಾಸನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಿ ನೋಡಬೇಕು. ಕಣ್ಣು ಒಗ್ಗಿಕೊಂಡ ಓರೆತನ ಆಗ ಎದ್ದು ಕಾಣುತ್ತದೆ. ಮುಂದೆ ಬಣ್ಣಕ್ಕೆ ಬಂದಾಗ ಎಲ್ಲಕ್ಕೂ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರುಗಳೊಂದಿಗೆ ಬೆರೆಯುವ ರೀತಿ) 'ಕಲರ್'ಗೆ ಹಾಕಿದರೆ ಕಪ್ಪು-ಬಿಳುಪಿನ ಮಟ್ಟ ತಿಳಿಯುತ್ತದೆ. ಬಣ್ಣ ಕಳೆಯುವ ಡಿಸ್ಯಾಚುರೇಟ್ ಆಜ್ಞೆಯನ್ನು ನಂಬಬಾರದು. ಫೋಟೋಶಾಪ್‌ನಲ್ಲಿ ಅದು ಅಪ್ಪಟ ಹಳದಿಯನ್ನೂ ಅಪ್ಪಟ ನೀಲಿಯನ್ನೂ ಒಂದೇ ಬೂದು ಮಾಡಿಬಿಡುತ್ತದೆ.

ವಿಮರ್ಶೆ ವಾರಕ್ಕೆ ಒಂದೇ ಸಲ, ಎರಡು ಗಂಟೆಗಿಂತ ಹೆಚ್ಚು ಕೆಲಸವಾಗದ ಚಿತ್ರಕ್ಕೆ, ಇಬ್ಬರು ಮೂವರಿಂದ ಮಾತ್ರ. "ಹೇಗಿದೆ?" ಎಂದು ಕೇಳಿದರೆ "ಸೂಪರ್" ಬರುತ್ತದೆ, ಇಲ್ಲವೇ ಹತ್ತು ದಿಕ್ಕಿನ ಉಪದೇಶ. ಒಂದು ಮಾದರಿ ಬರೆದುಕೊಟ್ಟೆವು: "ಇದು ಒಂದೂವರೆ ಗಂಟೆಯ ಕೆಲಸ, ಸಣ್ಣ ವಿವರ ಇನ್ನೂ ಬಿಡಿಸಿಲ್ಲ. ಬೆಳಕು ಎಡಗಡೆ ಮೇಲಿಂದ. ರೆಫರೆನ್ಸ್ ಜೊತೆಗಿದೆ. ಕೆನ್ನೆ ಮತ್ತು ಮೂಗು ಬೇರೆ ಬೇರೆ ತಿರುವಿನಲ್ಲಿವೆ ಅನ್ನಿಸುತ್ತದೆಯೇ? ಬಣ್ಣ, ಕೂದಲು ಈಗ ಬೇಡ."

ಬಂದ ಉತ್ತರಗಳನ್ನು ಕೈಯಲ್ಲೇ ಮೂರು ಅಂಕಣಕ್ಕೆ ಇಳಿಸಬೇಕು: ಅವರಿಗೆ ಏನು ಕಂಡಿತು, ಏನು ಮಾಡು ಎಂದರು, ನನ್ನ ಬಗ್ಗೆ ಏನೆಂದರು. ಮೂರನೆಯದಕ್ಕೆ ಗೀಟು ಹಾಕಬೇಕು, ಹೊಗಳಿಕೆಯಾದರೂ ಸರಿ. ಇದು ಮನಸ್ಸು ಗಟ್ಟಿಮಾಡುವ ಉಪಾಯವಲ್ಲ. ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಪ್ರತಿಕ್ರಿಯೆಯ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಪ್ರತಿಕ್ರಿಯೆಯ ನಂತರ ಕೆಲಸ ಕೆಟ್ಟಿತ್ತು; ಗಮನ ಕೆಲಸದಿಂದ 'ನಾನು' ಎಂಬುದರ ಕಡೆ ಹೊರಳಿದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂದು ಅವರು ವಿವರಿಸಿದರು. ಎರಡನೇ ಅಂಕಣವನ್ನೂ ಅನುಮಾನದಿಂದಲೇ ಓದಬೇಕು. ಏನೋ ಸರಿಯಿಲ್ಲ ಎಂಬಲ್ಲಿ ನೋಡುಗರು ಸಾಮಾನ್ಯವಾಗಿ ತಪ್ಪುವುದಿಲ್ಲ, ಪರಿಹಾರದಲ್ಲಿ ಆಗಾಗ ತಪ್ಪುತ್ತಾರೆ. "ಎಡಗಣ್ಣು ದೊಡ್ಡದು ಮಾಡಿ" ಎಂದಿದ್ದರೆ ನಿಜವಾದ ದೋಷ ತಲೆಯ ಓರೆಯಲ್ಲಿರಬಹುದು. ಉತ್ತರ ಬರೆಯುವುದು ಮರುದಿನ. ಇಬ್ಬರಿಗೂ ಕಂಡ ಒಂದೇ ಒಂದು ಅಂಶ ಮುಂದಿನ ವಾರದ 25 ನಿಮಿಷದ ಸ್ಟಡಿ.

ಮೂರನೇ ವಾರ ಎಡವಿದರು. ಎರಡು ದಿನ ತಪ್ಪಿತೆಂದು ರಜಾದಿನ ಐದು ಗಂಟೆ ಕೂತು, ಬಂದ ಎಲ್ಲ ಸಲಹೆಯನ್ನೂ ಒಂದೇ ಚಿತ್ರಕ್ಕೆ ತುರುಕಿ, ಮಣಿಕಟ್ಟು ನೋವು ಮಾಡಿಕೊಂಡರು. ತಪ್ಪಿದ ದಿನವನ್ನು ತೀರಿಸಬೇಕಿಲ್ಲ ಎಂಬುದನ್ನು ಆಗ ನಿಯಮವನ್ನಾಗಿಯೇ ಬರೆಸಿದೆವು. ರೂಢಿ ಹೇಗೆ ಬೆಳೆಯುತ್ತದೆ ಎಂದು ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಂದು ಸಲ ತಪ್ಪಿದ್ದು ರೂಢಿ ಕೂರುವುದನ್ನು ಹೇಳಿಕೊಳ್ಳುವಷ್ಟು ಕೆಡಿಸಿರಲಿಲ್ಲ. ಪೆನ್ನಿನ ಒತ್ತಡದ ಸೆಟ್ಟಿಂಗನ್ನೂ ಮೃದು ಮಾಡಿಸಿದೆವು. ಒತ್ತಿ ಬರೆಯುವವರಿಗೆ ಮಣಿಕಟ್ಟೂ ಸೋಲುತ್ತದೆ, ಪೆನ್ನಿನ ಮೊನೆಯೂ ಸವೆಯುತ್ತದೆ.

ಎಂಟನೇ ವಾರ ಮೊದಲ ವಾರದ ಫೋಟೋವನ್ನೇ ಮತ್ತೆ ಬಿಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರು. ನೆರಳಿನ ಆಕಾರ ಸ್ಪಷ್ಟವಾಗಿದೆ, ಮೂಗು ಮುಖದಿಂದ ಮುಂದೆ ಬಂದಿದೆ. ಕೈಬೆರಳುಗಳು ಇನ್ನೂ ಹಾಗೇ ಇವೆ. ವಿಮರ್ಶೆ ಓದುವಾಗ ಎದೆ ಈಗಲೂ ಹೊಡೆದುಕೊಳ್ಳುತ್ತದಂತೆ, ಆದರೆ ಫೈಲು ಅಳಿಸಿಲ್ಲ. ಈಗಿನ ತೊಡಕು ಬೇರೆ: ವಿಮರ್ಶಕರೊಬ್ಬರು ಚಿತ್ರದ ಮೇಲೆಯೇ ತಿದ್ದಿ ಕಳಿಸುತ್ತಾರೆ, ಈಕೆ ಆ ಗೆರೆಗಳನ್ನೇ ನಕಲು ಮಾಡುತ್ತಾರೆ. ತಿದ್ದಿದ ಲೇಯರನ್ನು ಎರಡು ನಿಮಿಷ ನೋಡಿ, ಮುಚ್ಚಿ, ಹೊಸ ಕ್ಯಾನ್ವಾಸಿನಲ್ಲಿ ನೆನಪಿನಿಂದ ಬಿಡಿಸಿ, ಆಮೇಲಷ್ಟೇ ತೆರೆದು ಹೋಲಿಸಲು ಹೇಳಿದ್ದೇವೆ. ಮುಂದಿನ ಭೇಟಿ ತಿಂಗಳ ನಂತರ.