ಸೀಮೆಸುಣ್ಣದ ಗುಡ್ಡ, ನಕಾಶೆ ಕಂಡ ದಾರಿ: ನಡಿಗೆ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸಾರ್. ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 63. ಮಗಳು ಅಳಿಯ ಇಂಗ್ಲೆಂಡಿನ ದಕ್ಷಿಣಕ್ಕೆ ಲೂಯಿಸ್ ಅನ್ನೋ ಊರಿನ ಪಕ್ಕದ ಹಳ್ಳೀಲಿದ್ದಾರೆ, ಜೂನ್‌ನಲ್ಲಿ ಎರಡು ತಿಂಗಳಿಗೆ ಹೋಗ್ತಿದೀನಿ. ಅವರಿಬ್ರೂ ಕೆಲಸಕ್ಕೆ ಹೋದ್ರೆ ಮನೇಲಿ ನಾನೊಬ್ಳೇ. ಸುತ್ತಾ ಬಿಳೀ ಸುಣ್ಣದ ಗುಡ್ಡಗಳು, ಆರಾಮಾಗಿ ನಡ್ಕೊಂಡ್ ಬರ್ಬೋದು ಅಮ್ಮ ಅಂತಾಳೆ ಮಗಳು. ಆದ್ರೆ ದಾರಿ ಯಾರ್ಯಾರದ್ದೋ ಹೊಲದೊಳಗೆ ಹೋಗುತ್ತಂತೆ. ಯಾರಾದ್ರೂ ಬೈದ್ರೆ? ಸೀರೇಲಿ ಹೋಗ್ಬೋದಾ?
— ಓದುಗರು, ಗುಬ್ಬಿ

ಉತ್ತರ: ಮೇಡಂ, ಧೈರ್ಯವಾಗಿ ಹೋಗಿ, ಯಾರೂ ಬೈಯಲ್ಲ. ನನ್ನ ಮಗನೂ ಕೆಲವು ವರ್ಷ ಆ ಕಡೇನೇ ಇದ್ದ, ಒಂದು ಬೇಸಿಗೆ ಪೂರ್ತಿ ಆ ಗುಡ್ಡಗಳಲ್ಲಿ ನಡೆದಿದೀನಿ, ಅದಕ್ಕೇ ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯ್ತು.

ಮೊದಲು ಹೊಲದ ವಿಷಯ. ಅಲ್ಲಿ ಹೊಲದ ಮಧ್ಯೆ, ತೋಟದ ಅಂಚಲ್ಲಿ, ಕೆಲವು ಕಡೆ ಯಾರದ್ದೋ ಮನೆ ಹಿತ್ತಲ ಪಕ್ಕದಲ್ಲೂ ಕಾಲುದಾರಿ ಹೋಗುತ್ತೆ, ಜಮೀನು ಅವರದ್ದೇ ಆದ್ರೂ ಆ ದಾರೀಲಿ ನಡೆಯೋ ಹಕ್ಕು ಎಲ್ರದ್ದೂ, ಕಾನೂನಲ್ಲೇ ಇದೆ. ಇಂಗ್ಲೆಂಡು ವೇಲ್ಸ್ ಎರಡೂ ಸೇರಿದ್ರೆ ಇಂಥ ದಾರಿ ಸುಮಾರು 2,25,000 ಕಿಲೋಮೀಟರ್ ಇದೆ. ಗೇಟಿನ ಕಂಬದ ಮೇಲೆ ಹಳದಿ ಬಾಣ ಇದ್ರೆ ನಡೆಯೋರಿಗೆ, ನೀಲಿ ಬಾಣ ಇದ್ರೆ ಕುದುರೆ ಸೈಕಲ್ಲೂ ಬರ್ತವೆ ಅಂತ ಅರ್ಥ. ಆ ಗುಡ್ಡಸಾಲಿನ ಹೆಸರು ಸೌತ್ ಡೌನ್ಸ್, ಅದರ ಮೇಲೆ ಓಕ್ ಕಾಯಿ ಚಿತ್ರ ಕಂಡ್ರೆ ಅದು ಸೌತ್ ಡೌನ್ಸ್ ವೇ, ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 160 ಕಿಲೋಮೀಟರ್, ಬಹುಪಾಲು ಗುಡ್ಡದ ನೆತ್ತಿ ಮೇಲೇ ಹೋಗೋ ದಾರಿ. ಅಂದ್ಹಾಗೆ ಡೌನ್ ಅಂದ್ರೆ ಕೆಳಗೆ ಅಂತ ನಾವು ಮಕ್ಕಳಿಗೆ ಹೇಳ್ಕೊಟ್ಟಿರ್ತೀವಲ್ಲ, ಇಲ್ಲಿ ಹಾಗಲ್ಲ, ಹಳೇ ಇಂಗ್ಲಿಷ್‌ನಲ್ಲಿ ಗುಡ್ಡಕ್ಕೇ ಡೂನ್ ಅಂತಿದ್ರು, ಅದೇ ಡೌನ್ಸ್ ಆಗಿದೆ.

ಬೆಟ್ಟ ಹತ್ತೋಕಾಗುತ್ತಾ ಅನ್ನೋ ಭಯ ಬೇಡ. ಲೂಯಿಸ್ ಹತ್ರದ ಡಿಚ್ಲಿಂಗ್ ಬೀಕನ್ 248 ಮೀಟರ್, ಫರ್ಲ್ ಬೀಕನ್ 217 ಮೀಟರ್, ನಮ್ಮ ತುಮಕೂರು ಪೇಟೆ ಬೀದೀನೇ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ದೇವರಾಯನದುರ್ಗ ಹತ್ತಿರೋ ಕಾಲಿಗೆ ಅದು ಕಷ್ಟ ಅಲ್ಲ. ಒಂದು ಕಡೆ ಮಾತ್ರ ಗೋಡೆ ಥರ ಕಡಿದಾಗಿರುತ್ತೆ, ಮೇಲೆ ಹೋದ್ಮೇಲೆ ದೋಸೆ ಕಾವಲಿ ಬೋರಲು ಹಾಕಿದ ಹಾಗೆ ಮೆಲ್ಲಗೆ ಇಳಿಜಾರು, ಹುಲ್ಲು ಮೆತ್ತಗಿರುತ್ತೆ, ದಕ್ಷಿಣಕ್ಕೆ ತಿರುಗಿದ್ರೆ ದೂರದಲ್ಲಿ ಸಮುದ್ರ.

ಇನ್ನು ಆ ಸುಣ್ಣ. ನೀವು ಟೀಚರ್ ಆಗಿದ್ರಿ ಅಂತ ಇದನ್ನ ಸ್ವಲ್ಪ ಜಾಸ್ತಿ ಬರೀತೀನಿ. ಕಾಲ ಕೆಳಗಿರೋದು ನಿಜವಾದ ಸೀಮೆಸುಣ್ಣ. ಸುಮಾರು 10 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ ಅಲ್ಲಿ ಬೆಚ್ಚಗಿನ ಸಮುದ್ರ ಇತ್ತು, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು, ಒಂದೊಂದರ ಮೈ ಮೇಲೂ ಸುಣ್ಣದ ಬಿಲ್ಲೆಗಳು, ಸತ್ತಾಗ ಆ ಬಿಲ್ಲೆ ತಳಕ್ಕೆ ಬಿದ್ದೂ ಬಿದ್ದೂ ನೂರಾರು ಮೀಟರ್ ದಪ್ಪ ಆಯ್ತು, ಆಮೇಲೆ ಆಲ್ಪ್ಸ್ ಪರ್ವತ ಎಬ್ಬಿಸಿದ ಒತ್ತಡಾನೇ ಇದನ್ನೂ ಮೇಲೆತ್ತಿತು. ಒಂದು ಚೂರು ಕೈಗೆ ತಗೊಂಡು ಬೆರಳಲ್ಲಿ ಉಜ್ಜಿ ನೋಡಿ, ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಕೈಗೆ ಗೊತ್ತಾಗುತ್ತೆ. ನಮ್ಮ ಮಧುಗಿರಿ ಪಾವಗಡ ಕಡೆ ಬಂಡೆ ಸುಮಾರು 250 ಕೋಟಿ ವರ್ಷದ್ದು, ಅದರ ಮುಂದೆ ಈ ಸುಣ್ಣದ ಗುಡ್ಡ ನಿನ್ನೆ ಮೊನ್ನೆ ಹುಟ್ಟಿದ ಕೂಸು.

ನಮ್ಮ ಬಂಡೆ ನೀರು ಕುಡಿಯಲ್ಲ, ಮಳೆ ಬಿದ್ರೆ ದೊಣೆಗಳಲ್ಲಿ ನಿಲ್ಲುತ್ತೆ ಇಲ್ಲಾ ಹರಿದು ಹೋಗುತ್ತೆ, ಅದಕ್ಕೇ ಹಿರಿಯರು ಕೆರೆ ಕೆರೆ ಕೆರೆ ಅಂತ ಕಟ್ಟಿದ್ದು. ಅಲ್ಲಿ ಉಲ್ಟಾ. ಸುಣ್ಣ ಅಷ್ಟೂ ನೀರು ಹೀರ್ಕೊಳ್ಳುತ್ತೆ, ಗುಡ್ಡದ ಮೇಲೆ ಹಳ್ಳ ತೊರೆ ಏನೂ ಕಾಣಲ್ಲ, ಆ ನೀರು ಬುಡದಲ್ಲಿ ಚಿಲುಮೆಯಾಗಿ ಆಚೆ ಬರುತ್ತೆ, ನಮ್ಮ ನಾಮದ ಚಿಲುಮೆ ಇಲ್ವಾ ಹಾಗೆ, ಹಳ್ಳಿಗಳೆಲ್ಲಾ ಆ ಚಿಲುಮೆ ಸಾಲು ಹಿಡಿದೇ ಕೂತಿವೆ. ಹಾಗಾಗಿ ಮೇಲೆ ಹೋಗೋವಾಗ ನೀರಿನ ಬಾಟ್ಲು ಮನೆಯಿಂದ್ಲೇ ತಗೊಂಡ್ಹೋಗಿ. ಅಲ್ಲಲ್ಲಿ ಜೇಡಿಮಣ್ಣು ಮೆತ್ತಿ ಮಾಡಿದ ಗುಂಡಗಿನ ನೀರಿನ ಕಟ್ಟೆ ಸಿಕ್ಕುತ್ತೆ, ಅದು ಕುರಿಗಳಿಗೆ ಅಂತ ಮಾಡಿದ್ದು.

ಕುರಿ ಅಂದ್ನಲ್ಲ, ಆ ಹುಲ್ಲುಗಾವಲು ಉಳಿದಿರೋದೇ ಕುರಿಯಿಂದ. ನೂರಾರು ವರ್ಷ ಮೇಯ್ದು ಮೇಯ್ದು ಹುಲ್ಲು ಗಿಡ್ಡಕ್ಕಿದ್ರೇನೇ ಸಣ್ಣ ಹೂಗಿಡಕ್ಕೆ ಬಿಸಿಲು ಸಿಗೋದು, ಒಳ್ಳೇ ಜಾಗದಲ್ಲಿ ಒಂದು ಚದರ ಮೀಟರ್‌ಗೆ 40 ಜಾತಿವರೆಗೂ ಗಿಡ ಇರುತ್ತೆ. ಮೇಯೋದು ನಿಂತ್ರೆ ಪೊದೆ ಮುಚ್ಚುತ್ತೆ. ಜುಲೈ ಕೊನೆಗೆ ಚಾಕ್‌ಹಿಲ್ ಬ್ಲೂ ಅನ್ನೋ ತಿಳಿನೀಲಿ ಚಿಟ್ಟೆ ಏಳುತ್ತೆ, ಖಂಡಿತ ನೋಡಿ. ಸ್ಕೈಲಾರ್ಕ್ ಅಂತ ಸಣ್ಣ ಕಂದು ಹಕ್ಕಿ, ನೇರವಾಗಿ ಮೇಲೇರ್ತಾ ಏರ್ತಾ ಹಾಡುತ್ತೆ, ಹಾಡು ಕೇಳ್ತಾನೇ ಇರುತ್ತೆ ಹಕ್ಕಿ ಮಾತ್ರ ಕಾಣಲ್ಲ, ನಾನು ಎಷ್ಟೋ ಸಲ ಅಲ್ಲೇ ಹುಲ್ಲಿನ ಮೇಲೆ ಕೂತು ಬಿಟ್ಟಿದೀನಿ.

ಸೀರೆ ಬೇಡ ಮೇಡಂ, ಚೂಡಿದಾರ್ ಇಲ್ಲಾ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಳ್ಳಿ. ಬೇಲಿ ದಾಟೋಕೆ ಸ್ಟೈಲ್ ಅಂತ ಮರದ ಮೆಟ್ಟಿಲಿರುತ್ತೆ, ಕಾಲೆತ್ತಿ ಆಚೆ ಹಾಕ್ಬೇಕು, ಸೆರಗು ನೆರಿಗೆ ಸಿಕ್ಕಾಕೊಳ್ಳುತ್ತೆ. ದಾರಿ ಅಂಚಿನಲ್ಲಿ ಮುಟ್ಟಿದ್ರೆ ಚುರುಚುರು ಅನ್ನೋ ನೆಟಲ್ ಗಿಡ ಬೇರೆ. ಉದ್ದ ಹುಲ್ಲಲ್ಲಿ ರಕ್ತ ಹೀರೋ ಉಣ್ಣೆ ಹುಳ (ಉಣುಗು) ಹತ್ತುತ್ತೆ, ಮನೆಗೆ ಬಂದ್ಮೇಲೆ ಕಾಲು, ಮಂಡಿ ಸಂದು ನೋಡ್ಕೊಳ್ಳಿ, ಕಚ್ಚಿದ ಜಾಗದ ಸುತ್ತ ಕೆಂಪಗೆ ದುಂಡಗೆ ಹರಡಿದ್ರೆ ತಡ ಮಾಡ್ದೆ ಡಾಕ್ಟರ್‌ಗೆ ತೋರಿಸಿ, ಲೈಮ್ ಕಾಯಿಲೆ ಬರೋದು ಅದರಿಂದ್ಲೇ. ಚಪ್ಪಲಿ ಬೇಡವೇ ಬೇಡ. ಮಳೆ ಬಿದ್ದ ಸುಣ್ಣದ ದಾರಿ ಸೋಪು ಹಾಕಿದ ಬಚ್ಚಲಿದ್ದ ಹಾಗೆ, ಎರಡನೇ ವಾರದಲ್ಲೇ ನಾನು ಇಳಿಜಾರಲ್ಲಿ ಜಾರಿ ಮಂಡಿ ಊದಿ ಹತ್ತು ದಿನ ಮನೇಲಿ ಕೂತೆ. ಗ್ರಿಪ್ ಇರೋ ಶೂ, ಒಂದು ಕೋಲು ಇರ್ಲಿ. ತೆರೆದಿದ್ದ ಗೇಟು ತೆರೆದೇ ಬಿಡಿ, ಮುಚ್ಚಿದ್ದನ್ನ ಮುಚ್ಚಿ. ಕರು ಜೊತೆ ಇರೋ ಹಸುಗಳ ಮಧ್ಯೆ ಹೋಗ್ಬೇಡಿ, ದೂರದಿಂದ ಸುತ್ತಾಕ್ಕೊಂಡು ಹೋಗಿ, ನಮ್ಮ ಹಟ್ಟಿ ಹಸು ಥರ ಅವಕ್ಕೆ ಮನುಷ್ಯರ ಒಡನಾಟ ಇರಲ್ಲ.

ಸಮುದ್ರದ ಕಡೆ ಸೆವೆನ್ ಸಿಸ್ಟರ್ಸ್ ಅಂತ ಬಿಳೀ ಕಡಿದಾದ ದಂಡೆ, ಆ ಸಾಲಿನ ಪಕ್ಕದ ಬೀಚಿ ಹೆಡ್ 162 ಮೀಟರ್ ಎತ್ತರ. ಮಗಳ ಜೊತೆ ಭಾನುವಾರ ಹೋಗಿ, ಆದ್ರೆ ಫೋಟೋಗೆ ಅಂತ ಅಂಚಿಗೆ ಮಾತ್ರ ಹೋಗ್ಬೇಡಿ, ಕೆಳಗೆ ಅಲೆ ಕೊರೆದು ಮೇಲಿನ ಸುಣ್ಣ ಹೇಳದೆ ಕೇಳದೆ ಕುಸಿಯುತ್ತೆ. ಮ್ಯಾಪು ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಅವರದ್ದು ತಗೊಳ್ಳಿ, ಕಿತ್ತಳೆ ಬಣ್ಣದ ರಟ್ಟು, 4 ಸೆಂಟಿಮೀಟರ್‌ಗೆ 1 ಕಿಲೋಮೀಟರ್, ಹಸಿರು ಗೆರೆ ಗೆರೆ ಇರೋದೆಲ್ಲಾ ನೀವು ನಡೆಯೋ ಹಕ್ಕಿರೋ ದಾರಿ. ಮೊದಲ ವಾರ ಊರು ಸುತ್ತ ಮೂರು ಕಿಲೋಮೀಟರ್ ಸಾಕು, ಹೊರಡೋ ಮುಂಚೆ ಯಾವ ದಾರಿ ಅಂತ ಮಗಳಿಗೆ ಮೆಸೇಜ್ ಹಾಕಿ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ.

ಪ್ರಶ್ನೆ: ವೀಕೆಂಡ್ ಬಂದ್ರೆ ನಂದಿಬೆಟ್ಟದ ರೋಡಲ್ಲಿ ಬರೀ ಕಾರು ಬೈಕು. ವಿದೇಶದಲ್ಲಿ ಹಳ್ಳಿ ಸುತ್ತ ನಡೆಯೋಕೇ ದಾರಿ ಇರುತ್ತಂತೆ, ನಮ್ಮಲ್ಲಿ ಯಾಕಿಲ್ಲ?
— ಡಿಗ್ರಿ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಇದೆಯಪ್ಪಾ, ನಾವು ನಡೆಯೋದು ಬಿಟ್ಟಿದೀವಿ ಅಷ್ಟೇ. 1,478 ಮೀಟರ್ ನೆತ್ತಿಗೆ ಗಾಡೀಲಿ ಹೋಗಿ ಸೂರ್ಯೋದಯ ನೋಡಿ ಇಳಿದ್ರೆ ಬೆಟ್ಟ ನೋಡಿದ ಹಾಗಲ್ಲ. ಆಷಾಢದಲ್ಲಿ ನಂದಿ ಗಿರಿ ಪ್ರದಕ್ಷಿಣೆ ಮಾಡ್ತಾರಲ್ಲ, ಬೆಟ್ಟದ ಬುಡ ಹಿಡಿದು ಊರೂರು ದಾಟ್ಕೊಂಡು ಒಂದು ಸುತ್ತು, ಒಂದ್ಸಲ ಅವರ ಜೊತೆ ನಡಿ, ಭೋಗನಂದೀಶ್ವರನಿಗೆ ಕೈಮುಗಿದು ಹೊರಡು. ಬೇರೆ ದಿನಗಳಲ್ಲಿ ನಿಮ್ಮೂರಿಂದ ಪಕ್ಕದೂರಿನ ಕೆರೆ ಏರಿ ತನಕ, ಅಲ್ಲಿಂದ ಗುಂಡುತೋಪು, ಗೋಮಾಳ ಹಾದು ವಾಪಸ್, ಕುರಿ ಕಾಯೋರನ್ನ ಕೇಳು, ದಾರಿ ಅವರಿಗೆ ಗೊತ್ತಿರುತ್ತೆ. ಸ್ಕಂದಗಿರಿ ಥರ ಅರಣ್ಯದೊಳಗೆ ಹೋಗೋದಾದ್ರೆ ಇಲಾಖೆ ವೆಬ್‌ಸೈಟಲ್ಲಿ ಬುಕ್ ಮಾಡ್ಕೊಂಡೇ ಹೋಗ್ಬೇಕು. ಬಂಡೆ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡ್ತವೆ, ಕತ್ತಲು ಕತ್ತಲಲ್ಲಿ ಒಬ್ಬನೇ ಹೋಗ್ಬೇಡ.

ಪ್ರಶ್ನೆ: ನಮ್ಮೂರಿಂದ ಕೆರೆ ಕೋಡಿ ಪಕ್ಕದಲ್ಲಿ ಹಾದು ಆಚೆ ಊರಿಗೆ ಹೋಗೋ ಬಂಡಿ ದಾರಿ ಇತ್ತು, ನಮ್ಮ ತಾತನ ಕಾಲದಿಂದ ನಡೆದಿದೀವಿ. ಹೋದ ವರ್ಷ ಜಮೀನು ಕೊಂಡವರು ಕಲ್ಲುಕಂಬ ನೆಟ್ಟು ತಂತಿ ಎಳೆದ್ರು. ಈಗ ಮಕ್ಕಳು ಸ್ಕೂಲಿಗೆ ಮೇನ್ ರೋಡಲ್ಲಿ ಲಾರಿ ಮಧ್ಯೆ ಹೋಗ್ತಾವೆ. ಏನಾದ್ರೂ ದಾರಿ ಇದೆಯಾ ಸಾರ್?
— ರೈತರು, ಮುಳಬಾಗಿಲು ತಾಲ್ಲೂಕು

ಉತ್ತರ: ಅಣ್ಣ, ನಿಮ್ಮ ಪತ್ರ ಓದಿ ಸಂಕಟ ಆಯ್ತು. ಮೇಲೆ ಗುಬ್ಬಿ ಮೇಡಂಗೆ ಇಂಗ್ಲೆಂಡಿನ ದಾರಿ ಬಗ್ಗೆ ಅಷ್ಟು ಬರೆದ್ನಲ್ಲ, ಅದೂ ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ಕ್ಕೆ ಉತ್ತರದ ಕಿಂಡರ್ ಸ್ಕೌಟ್ ಅನ್ನೋ ಬೆಟ್ಟಕ್ಕೆ ನೂರಾರು ಜನ, ಹೆಚ್ಚಿನವರು ಕಾರ್ಖಾನೆ ಊರುಗಳ ಹುಡುಗರು, ಜಮೀನ್ದಾರರ ಬೇಲಿ ಲೆಕ್ಕಿಸದೆ ನಡೆದೇ ಹೋದ್ರು, ಐದು ಜನಕ್ಕೆ ಜೈಲಾಯ್ತು. 1949ರಲ್ಲಿ ಕಾನೂನು ಬಂದು ಪ್ರತಿ ಜಿಲ್ಲೆಯ ಕೌನ್ಸಿಲ್ಲೂ ಕಾಲುದಾರಿಗಳನ್ನ ನಕ್ಷೇಲಿ ಬರೆದಿಡ್ಬೇಕು ಅಂತಾಯ್ತು, 2000ದ ಕಾನೂನು ಡೌನ್ಸ್ ಥರದ ಬಯಲು ಗುಡ್ಡಗಳನ್ನೂ ನಡೆಯೋರಿಗೆ ತೆರೀತು. ಹೊಲದ ಮಧ್ಯದ ಕಾಲುದಾರಿ ಉತ್ತು ಬಿತ್ತಿದ್ರೆ 14 ದಿನದೊಳಗೆ ರೈತನೇ ಕನಿಷ್ಠ ಒಂದು ಮೀಟರ್ ಅಗಲ ಸಮ ಮಾಡಿ ಕೊಡ್ಬೇಕು. ನಾನು ಗೋಧಿ ಹೊಲದ ನಡುವೆ ಬೈತಲೆ ತೆಗೆದ ಹಾಗಿದ್ದ ಅಂಥ ದಾರೀಲಿ ನಡೆದಿದೀನಿ, ಆಗ ನೆನಪಾಗಿದ್ದು ನಮ್ಮೂರಲ್ಲಿ ಮುಚ್ಚಿಹೋದ ದಾರಿಗಳೇ.

ನಮ್ಮಲ್ಲೂ ಕಾನೂನಿಲ್ಲ ಅಂತಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು, ಪಕ್ಕದ ಜಮೀನು ಕೊಂಡವರು ಅದನ್ನ ಕೊಂಡ ಹಾಗಾಗಲ್ಲ. ಹಾಗಾಗಿ ಮೊದಲ ಕೆಲಸ ಅದು ನಕಾಶೆ ಕಂಡ ದಾರೀನಾ, ಅಂದ್ರೆ ಸರ್ಕಾರಿ ನಕ್ಷೇಲಿ ತೋರಿಸಿರೋ ದಾರೀನಾ ಅಂತ ನೋಡೋದು. ತಾಲ್ಲೂಕು ಆಫೀಸಿನ ಸರ್ವೆ ವಿಭಾಗದಲ್ಲಿ ಗ್ರಾಮ ನಕಾಶೆ ನಕಲು ತಗೊಳ್ಳಿ, ಬಂಡಿ ದಾರಿ ಕಾಲುದಾರಿ ಚುಕ್ಕಿ ಗೆರೇಲಿ ಇರ್ತವೆ. ಮೊಬೈಲಲ್ಲಿ ದಿಶಾಂಕ್ ಆಪ್ ಹಾಕ್ಕೊಂಡು ಬೇಲಿ ಹಾಕಿರೋ ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ಬರುತ್ತೆ, ಆ ನಂಬರಿನ ಪಹಣೀಲಿ ಖರಾಬು ಕಾಲಂ ನೋಡಿ, ‘ಬ’ ಖರಾಬು ಅಂತ ಇಷ್ಟು ಗುಂಟೆ ತೋರಿಸಿದ್ರೆ ಅದು ದಾರಿ, ಹಳ್ಳ ಥರ ಸಾರ್ವಜನಿಕರಿಗೆ ಬಿಟ್ಟ ಜಾಗ. ನಕಾಶೇಲಿದ್ರೆ ತಹಶೀಲ್ದಾರ್‌ಗೆ ಅರ್ಜಿ ಕೊಟ್ಟು ಅಳತೆ ಮಾಡ್ಸಿ ತೆರವು ಮಾಡ್ಸಿ ಅಂತ ಕೇಳಿ, ಒಬ್ಬರೇ ಹೋಗ್ಬೇಡಿ, ಎರಡೂ ಊರಿನವರು ಸೈನ್ ಹಾಕಿ, ಪಂಚಾಯ್ತಿಗೂ ಒಂದು ಕಾಪಿ ಕೊಡಿ.

ನಕಾಶೇಲಿ ಇಲ್ಲದೆ ಬರೀ ರೂಢಿ ದಾರಿ ಆಗಿದ್ರೆ ಸ್ವಲ್ಪ ಕಷ್ಟ, ಆದ್ರೂ ಬಿಡ್ಬೇಡಿ. ಖಾಸಗಿ ಜಮೀನಲ್ಲಿ 20 ವರ್ಷ ಯಾರೂ ತಡೀದೆ, ಕದ್ದುಮುಚ್ಚಿ ಅಲ್ದೆ, ಹಕ್ಕು ಅಂತಲೇ ನಡ್ಕೊಂಡು ಬಂದಿದ್ರೆ 1882ರ ಈಸ್‌ಮೆಂಟ್ (ಬೇರೆಯವರ ಜಮೀನು ಬಳಸೋ ಹಕ್ಕಿನ) ಕಾಯ್ದೆ ಕೆಳಗೆ ದಾರಿ ಹಕ್ಕು ಕೇಳ್ಬೋದು, ಇಂಗ್ಲೆಂಡಲ್ಲೂ ಕಾಲುದಾರಿಗೆ ಇದೇ 20 ವರ್ಷದ ಲೆಕ್ಕ. ಇದು ಸಿವಿಲ್ ಕೋರ್ಟಿನ ಕೆಲಸ, ದಾರಿ ಮುಚ್ಚಿ ಎರಡು ವರ್ಷ ದಾಟೋಕೆ ಬಿಡಬಾರದು, ನಿಮ್ಮದು ಆಗಲೇ ಒಂದು ವರ್ಷ ಆಗಿದೆ, ಈ ತಿಂಗಳಲ್ಲೇ ವಕೀಲರನ್ನ ನೋಡಿ. ಊರಿನ ವಯಸ್ಸಾದವರು ಯಾವ ದಾರೀಲಿ ಸಂತೆಗೆ ಹೋಗ್ತಿದ್ರು, ದಿಬ್ಬಣ ಯಾವ ಕಡೆ ಬರ್ತಿತ್ತು ಅಂತ ಅವರ ಬಾಯಲ್ಲೇ ಈಗ್ಲೇ ಬರೆಸಿಟ್ಟುಕೊಳ್ಳಿ, ಸಾಕ್ಷಿ ಅಂದ್ರೆ ಅವರೇ. ಬೇಲಿ ನೀವೇ ಕೀಳೋಕೆ ಹೋಗ್ಬೇಡಿ, ಕೇಸು ನಿಮ್ಮ ಮೇಲೇ ಆಗುತ್ತೆ. ಅರ್ಜಿ ಕೊಟ್ಟಾಗ ಸೀಲು ಹಾಕಿದ ಸ್ವೀಕೃತಿ ಇಸ್ಕೊಂಡೇ ಆಚೆ ಬನ್ನಿ.