ಶಿಬಿರದಲ್ಲಿ ಮೊದಲ ಸಲ ಸತ್ತ ಪ್ರಾಣಿಯನ್ನು ಕೊಯ್ದು ಕಲಿಯುವಾಗ ಪುಸ್ತಕದ ಓದು ಸಾಕಾಗುತ್ತದೆಯೇ?

ಪಶುವೈದ್ಯಕೀಯ ಓದುತ್ತಿದ್ದೀರಿ, ಮುಂದಿನ ತಿಂಗಳು ಕ್ಷೇತ್ರ ಶಿಬಿರ, ಅಲ್ಲಿ ಸತ್ತ ಪ್ರಾಣಿ ಸಿಕ್ಕರೆ ನಿಮ್ಮ ಕೈಯಲ್ಲೇ ಕೊಯ್ಯಿಸುತ್ತಾರಂತೆ. ಚಿತ್ರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋದರೆ ಸಾಕೇ, ಕೈ ನಡುಗಿದರೆ ಏನು ಮಾಡಲಿ ಎಂದು ಕೇಳಿದ್ದೀರಿ. ಕೈ ನಡುಗುವುದು ಐದು ನಿಮಿಷ. ಆಮೇಲೆ ನಿಮಗೆ ಅದರ ನೆನಪೇ ಇರುವುದಿಲ್ಲ. ಚಿತ್ರಗಳ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ನನಗೆ ಆ ಪಾಠ ಸಿಕ್ಕಿದ್ದು ಒಂದು ಕುರಿಯಿಂದ. ಮೂರು ದಿನದಿಂದ ಕೆಮ್ಮುತ್ತಿತ್ತು. ಬೆಳಿಗ್ಗೆ ಡೇರೆಯಿಂದ ಹೊರಗೆ ಬಂದು ನೋಡಿದರೆ ದೊಡ್ಡಿಯ ಮೂಲೆಯಲ್ಲಿ ಸತ್ತು ಬಿದ್ದಿತ್ತು. ನಾನು ಚಾಕು ತರಲು ಹೊರಟೆ, ಮೇಷ್ಟ್ರು ತಡೆದರು. ಮೊದಲು ಮೂಗು, ಬಾಯಿ, ಗುದದ್ವಾರ ನೋಡಿದರು. ಎಲ್ಲಿಯೂ ರಕ್ತ ಒಸರಿರಲಿಲ್ಲ. ಆದರೂ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಮುಂದುವರಿದದ್ದು. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ ಸತ್ತ ಪ್ರಾಣಿಯನ್ನು ಕೊಯ್ಯಲೇಬಾರದು. ಒಳಗಿನ ರೋಗಾಣುವಿಗೆ ಗಾಳಿ ತಾಗಿದರೆ ಅದು ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯ ಹತ್ತಿರ ನಿಮ್ಮನ್ನು ಯಾರಾದರೂ ಅವಸರ ಮಾಡಿದರೆ, ದಯವಿಟ್ಟು ಈ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಕೈಗವಸು, ಮೇಲಂಗಿ, ಬೂಟುಗಳ ಮಾತು ನಿಮಗೆ ಹೇಗೂ ಹೇಳಿಕೊಡುತ್ತಾರೆ.

ಕುರಿಯನ್ನು ಎಡಮಗ್ಗುಲಿಗೆ ಮಲಗಿಸಿದೆವು. ಮೆಲುಕು ಹಾಕುವ ಪ್ರಾಣಿಗಳಲ್ಲಿ ರೂಮೆನ್ ಎಂಬ ದೊಡ್ಡ ಚೀಲ ಹೊಟ್ಟೆಯ ಎಡಭಾಗವನ್ನೆಲ್ಲ ಆಕ್ರಮಿಸಿಕೊಂಡಿರುತ್ತದೆ. ಅದು ಕೆಳಗಾದರೆ ಉಳಿದ ಅಂಗಗಳು ಮೇಲೆ ಕಣ್ಣಿಗೆ ಬೀಳುತ್ತವೆ. ನನ್ನ ಪಾಲಿಗೆ ಬಂದದ್ದು ಮುಂಗಾಲು ಬಿಡಿಸುವ ಕೆಲಸ. ಮೂಳೆಯ ಕೀಲು ಎಲ್ಲಿ ಸಿಗುತ್ತದೋ ಎಂದು ಹುಡುಕುತ್ತಾ ಕೊಯ್ಯುತ್ತಲೇ ಹೋದೆ, ಕಾಲು ಹೆಗಲೆಲುಬಿನ ಸಮೇತ ಕೈಗೆ ಬಂದುಬಿಟ್ಟಿತು! ಕುರಿಗೆ ಕೊರಳೆಲುಬು ಇಲ್ಲ, ಮುಂಗಾಲು ಎದೆಗೂಡಿಗೆ ಅಂಟಿಕೊಂಡಿರುವುದು ಬರೀ ಸ್ನಾಯುಗಳಿಂದ, ಎರಡು ಮುಂಗಾಲುಗಳ ನಡುವೆ ಎದೆ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಎಲುಬಿಗೆ ಎಲುಬು ತಾಗದೆ ಆ ಕಾಲು ಕಳಚಿದಾಗಲೇ ಅದು ನನಗೆ ಗೊತ್ತಾಯಿತು ಅನ್ನಬೇಕು.

ಆಮೇಲೆ ಹೊಟ್ಟೆ ತೆರೆದು, ಒಳಗಿನಿಂದ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಗೆ, ಚಾಕುವಿನ ತುದಿ ಚುಚ್ಚಲು ಹೇಳಿದರು. ಕಿವಿ ಹತ್ತಿರ ತಾ ಎಂದರು. ಸುಯ್ ಎಂದು ಗಾಳಿ ಒಳಗೆ ನುಗ್ಗಿತು, ಬಿಗಿಯಾಗಿದ್ದ ವಪೆ ಸಡಿಲಗೊಂಡಿತು. ಎದೆಗೂಡಿನಲ್ಲಿ ಹೊರಗಿನದಕ್ಕಿಂತ ಒತ್ತಡ ಕಡಿಮೆ, ಅದರಿಂದಲೇ ಶ್ವಾಸಕೋಶ ಹಿಗ್ಗಿಕೊಂಡಿರುತ್ತದೆ ಎಂಬ ಪಾಠವನ್ನು ನಾನು ಕೇಳಿಸಿಕೊಂಡದ್ದು ಹೀಗೆ.

ಶ್ವಾಸಕೋಶದಲ್ಲೇ ಉತ್ತರವಿತ್ತು. ಹಿಂಭಾಗ ತಿಳಿಗುಲಾಬಿ, ಒತ್ತಿದರೆ ಸ್ಪಂಜಿನಂತೆ ಮೆತ್ತಗೆ. ಮುಂದಿನ, ಕೆಳಗಿನ ಹಾಲೆಗಳು ಕಡುಗೆಂಪಾಗಿ ಯಕೃತ್ತಿನಷ್ಟು ಗಟ್ಟಿ. ಎರಡೂ ಕಡೆಯಿಂದ ಚೂರು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿದೆವು. ಗುಲಾಬಿ ಚೂರು ತೇಲಿತು, ಕೆಂಪು ಚೂರು ತಳ ಸೇರಿತು. ನ್ಯುಮೋನಿಯಾ. ಗಾಳಿ ಇರಬೇಕಾದ ಜಾಗದಲ್ಲೆಲ್ಲ ಕೀವು, ದ್ರವ ತುಂಬಿಕೊಂಡಿತ್ತು. ಮೂರು ದಿನದ ಕೆಮ್ಮು ಎಲ್ಲಿಂದ ಬರುತ್ತಿತ್ತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ನನಗೆ ಆಗ ತುಂಬಾ ಸಂಕಟವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಆ ಕುರಿಗೆ ಹಿಂದಿನ ದಿನ ಮೇವು ಹಾಕಿದವನು ನಾನೇ.

ಹೊಟ್ಟೆಯ ನಾಲ್ಕು ಕೋಣೆಗಳನ್ನು ಕೈಗವಸಿನಲ್ಲೇ ಸವರಿ ನೋಡಿ, ಬಿಡಬೇಡಿ. ರೂಮೆನ್ ಒಳಗೋಡೆ ಟರ್ಕಿ ಟವೆಲ್ಲಿನಂತೆ, ರೆಟಿಕ್ಯುಲಂ ಜೇನುಹಟ್ಟಿನಂತೆ, ಒಮೇಸಂ ಪುಸ್ತಕದ ಹಾಳೆಗಳಂತೆ, ಕೊನೆಯ ಅಬೊಮೇಸಂ ಮಾತ್ರ ನುಣ್ಣಗೆ ಲೋಳೆಲೋಳೆ. ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸುವಷ್ಟು ಬೇರೆ ಬೇರೆ. ರೆಟಿಕ್ಯುಲಂನಲ್ಲಿ ಕೈಯಿಟ್ಟು ಮುಂದಕ್ಕೆ ಒತ್ತಿ. ವಪೆಯ ಆಚೆಗೇ ಹೃದಯ. ಹಸು ತಂತಿ ನುಂಗಿದರೆ ಅದು ಹೃದಯವನ್ನು ಹೇಗೆ ಚುಚ್ಚುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯದಲ್ಲಿವೆ, ನನ್ನ ತಕರಾರು ಇರುವುದು ಅಲ್ಲೇ. ಹೆಸರುಗಳನ್ನು ಓದಿಕೊಂಡು ಹೋಗಿ, ಖಂಡಿತ ಬೇಕು. ಆದರೆ ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದನ್ನು ಅಂಗಗಳನ್ನು ಹೊರಗೆ ತೆಗೆಯುವ ಮೊದಲೇ ಕೈಯಿಟ್ಟು ನೋಡಿಕೊಳ್ಳಿ. ತೆಗೆದು ಸಾಲಾಗಿ ಜೋಡಿಸಿದ ಮೇಲೆ ಅದು ಮತ್ತೆ ಚಿತ್ರಪಟವೇ.

ಸಂಜೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆವು. ಕೆಮ್ಮುತ್ತಿದ್ದ ಇನ್ನೆರಡು ಕುರಿಗಳನ್ನು ಬೇರೆ ಕಟ್ಟಿ ಚಿಕಿತ್ಸೆ ಶುರುವಾಯಿತು. ಮಾರನೇ ದಿನ ಮೇಷ್ಟ್ರು ನನ್ನ ಮುಷ್ಟಿಯನ್ನು ಅವುಗಳಲ್ಲೊಂದರ ಎಡ ಪಕ್ಕೆಯ ಹಿಂದಿನ ಗುಳಿಗೆ ಒತ್ತಿ ಹಿಡಿಸಿದರು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಳಗಿನಿಂದ ನಿಧಾನವಾಗಿ ಒಂದು ಅಲೆ ಉಬ್ಬಿ ನನ್ನ ಕೈಯನ್ನು ಹೊರಗೆ ತಳ್ಳಿತು. ಹಿಂದಿನ ದಿನ ಒಳಗೋಡೆ ಸವರಿದ್ದ ಅದೇ ಚೀಲ, ಇಲ್ಲಿ ಕೆಲಸ ಮಾಡುತ್ತಿತ್ತು. ನಿಮ್ಮ ಶಿಬಿರದಲ್ಲೂ ಕೊಯ್ದ ಮಾರನೇ ದಿನ ಬದುಕಿರುವ ಪ್ರಾಣಿಯ ಮೇಲೆ ಕೈಯಿಡಲು ಅವಕಾಶ ಕೊಡಿ ಎಂದು ಕೇಳಿಕೊಳ್ಳಿ.